ಭಂಡಾರದಿಂದ ತೆಗೆದರೂ ನಿಮ್ಮಲ್ಲಿ ಉಳಿಯುವ ಪ್ಲಗಿನ್

ತಾವು ಶಾಲೆಗೋ, ಸಂಘಕ್ಕೋ, ಸಣ್ಣ ವ್ಯಾಪಾರಕ್ಕೋ ಒಂದು ವೆಬ್‌ಸೈಟ್ ನಡೆಸುತ್ತಿರಬಹುದು. ಅದು ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ರೂಪುಗೊಂಡಿದ್ದರೆ, ಅರ್ಜಿ ನಮೂನೆ, ಚಿತ್ರಸಂಪುಟ ಮೊದಲಾದ ಸೌಕರ್ಯಗಳಿಗೆ ಪ್ಲಗಿನ್ ಎಂಬ ಕಿರು ತಂತ್ರಾಂಶಗಳನ್ನು ಅಳವಡಿಸಿಕೊಂಡಿರುತ್ತೀರಿ. ಇವುಗಳ ಅಧಿಕೃತ ಭಂಡಾರದಲ್ಲಿ ನಿನ್ನೆಯವರೆಗೆ ದೊರೆಯುತ್ತಿದ್ದ ಪ್ಲಗಿನ್ ಇಂದು ಪರಿಶೀಲನೆಗಾಗಿ ತಾತ್ಕಾಲಿಕವಾಗಿ ಮುಚ್ಚಲ್ಪಟ್ಟಿರುವುದುಂಟು. ಹೀಗೇಕೆ?

ಕಾರಣಗಳು ಹಲವು. ಭದ್ರತಾ ದೋಷ ಕಂಡುಬಂದಿರಬಹುದು. ಭಂಡಾರದ ನಿಯಮ ಮೀರಿರಬಹುದು. ಬೇರೆಯವರ ವ್ಯಾಪಾರ ಚಿಹ್ನೆ ಬಳಸಿರಬಹುದು. ತಯಾರಕರೇ ಕೋರಿರಲೂಬಹುದು. ದೋಷದ ವಿವರವನ್ನು ಸಾಮಾನ್ಯವಾಗಿ ಒಡನೆಯೇ ಪ್ರಕಟಿಸುವುದಿಲ್ಲ. ಬೀಗ ದುರಸ್ತಿಯಾಗುವ ಮುನ್ನ ಯಾವ ಬಾಗಿಲು ಸಡಿಲವೆಂದು ಡಂಗುರ ಸಾರಿದರೆ ಕಳ್ಳನಿಗೇ ಲಾಭವಲ್ಲವೇ?

ಎಲ್ಲ ಮುಚ್ಚುಗಡೆಯೂ ವಂಚನೆಯ ಕುರುಹಲ್ಲ. ಯುರೋಪಿನ ಖಾಸಗಿ ಮಾಹಿತಿ ಕಾನೂನಿನ ಪಾಲನೆಗೆಂದು ಬಂದ 'ಡಬ್ಲ್ಯುಪಿ ಜಿಡಿಪಿಆರ್ ಕಂಪ್ಲಯನ್ಸ್' ಒಂದು ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿತ್ತು. ಅದರ ದೋಷದಿಂದ ಹೊರಗಿನವರು ಆಡಳಿತಗಾರರ ಖಾತೆಯನ್ನೇ ತೆರೆಯಬಹುದಾಗಿತ್ತು. 2018ರ ನವೆಂಬರ್‌ನಲ್ಲಿ ಅದನ್ನು ತೆಗೆಯಲಾಯಿತು, ಸರಿಪಡಿಸಿದ 1.4.3 ಆವೃತ್ತಿಯೊಂದಿಗೆ ಅದು ಬೇಗನೆ ಮರಳಿತು. 'ಡಿಸ್‌ಪ್ಲೇ ವಿಜೆಟ್ಸ್' ಕಥೆ ಬೇರೆ. 2017ರಲ್ಲಿ ಮಾಲೀಕರು ಬದಲಾದ ಮೇಲೆ ಅದು ತಾಣಗಳಲ್ಲಿ ಗುಟ್ಟಾಗಿ ಜಾಹೀರಾತು ಬರಹ ತುರುಕತೊಡಗಿತು. ಲಾಗಿನ್ ಆದ ಮಾಲೀಕರ ಕಣ್ಣಿಗೆ ಆ ಬರಹ ಬೀಳುತ್ತಿರಲಿಲ್ಲ. ಅದನ್ನು ನಾಲ್ಕು ಬಾರಿ ತೆಗೆಯಬೇಕಾಯಿತು. ಕೊನೆಯ ಸಲ, ಸೆಪ್ಟೆಂಬರ್‌ನಲ್ಲಿ, ಶಾಶ್ವತವಾಗಿ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ದೋಷವಿರುವ ಔಷಧಿಯನ್ನು ಅಂಗಡಿಯ ಕಪಾಟಿನಿಂದ ತೆಗೆದರೂ ತಮ್ಮ ಮನೆಯಲ್ಲಿರುವ ಸೀಸೆ ಹಾಗೆಯೇ ಇರುತ್ತದೆ. ಪ್ಲಗಿನ್ ಕೂಡ ಹಾಗೆಯೇ. ಭಂಡಾರ ಮುಚ್ಚಿದರೆ ಹೊಸಬರಿಗೆ ಅದು ಸಿಗದು; ಆದರೆ ತಮ್ಮ ತಾಣದಲ್ಲಿ ಅದು ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ. ಹೊಸ ಆವೃತ್ತಿಯ ಸೂಚನೆ ಬಾರದಿದ್ದರೆ ಎಲ್ಲವೂ ಸರಿಯಿದೆ ಎಂದು ತಿಳಿಯುವುದು ಅಪಾಯಕರ.

ಆದ್ದರಿಂದ ತಿಂಗಳಿಗೊಮ್ಮೆಯಾದರೂ ತಮ್ಮ ಪ್ಲಗಿನ್‌ಗಳ ಪುಟಗಳನ್ನು ಭಂಡಾರದಲ್ಲಿ ನೋಡಿರಿ. ಮುಚ್ಚಿದ್ದರೆ, ಕಾರಣ ತಿಳಿಯುವವರೆಗೆ ಅದನ್ನು ನಿಷ್ಕ್ರಿಯಗೊಳಿಸಿರಿ. ಅನಿವಾರ್ಯವಾದ ಸೌಕರ್ಯವಾದರೆ ಬದಲಿ ಪ್ಲಗಿನ್ ಬಳಸಿರಿ. ಆಡಳಿತಗಾರರ ಪಟ್ಟಿಯಲ್ಲಿ ಅಪರಿಚಿತ ಹೆಸರಿದೆಯೇ ಎಂದು ಪರೀಕ್ಷಿಸಿರಿ. ಪ್ಲಗಿನ್ ಮರಳಿ ಬಂದಾಗ ಹಳೆಯದನ್ನೇ ಮುಂದುವರಿಸದೆ ಹೊಸ ಆವೃತ್ತಿಯನ್ನೇ ಅಳವಡಿಸಿರಿ. ಬಳಸದೆ ಬಿಟ್ಟಿರುವ ಪ್ಲಗಿನ್‌ಗಳನ್ನು ಅಳಿಸಿಹಾಕುವುದೇ ಲೇಸು.