ಬೌದ್ಧ ಗೆಳೆಯರೊಂದಿಗೆ ಕೊಪ್ಪದಲ್ಲೊಂದು ದಿನ: ತಪ್ಪು ಕಲ್ಪನೆ ಮತ್ತು ವಾಸ್ತವ

ಮಗನ ಜೊತೆ ಕೆಲಸ ಮಾಡುವ ಜಪಾನಿನವರೋ ತೈವಾನಿನವರೋ ಕೊಪ್ಪದ ಮನೆಗೆ ಬರುತ್ತಾರೆಂದರೆ ಹಿರಿಯರಿಗೆ ಗಾಬರಿ. ಆ ಗಾಬರಿಯಲ್ಲಿ ಅರ್ಧಕ್ಕೆ ಬುಡವೇ ಇಲ್ಲ.

ತಪ್ಪು ಕಲ್ಪನೆ: ಬೌದ್ಧರೆಂದ ಮೇಲೆ ಬೈಲಕುಪ್ಪೆ ತೋರಿಸಲೇಬೇಕು.

ವಾಸ್ತವ: ಬೈಲಕುಪ್ಪೆ 1961ರಲ್ಲಿ ಶುರುವಾದ ಟಿಬೆಟನ್ನರ ನೆಲೆ. ಅಲ್ಲಿನ ಪೂಜಾಕ್ರಮ ಜಪಾನಿನವರಿಗೂ ಶ್ರೀಲಂಕಾದವರಿಗೂ ಹೊಸದೇ. ಕೊಪ್ಪದಿಂದ ಹೋಗಿಬರುವಷ್ಟರಲ್ಲಿ ದಿನವೆಲ್ಲ ಕಾರಿನಲ್ಲೇ ಕಳೆದಿರುತ್ತದೆ. ವಿದೇಶಿಯರು ಅಲ್ಲಿ ರಾತ್ರಿ ತಂಗಬೇಕಾದರೆ ಮೊದಲೇ ಪರವಾನಗಿಯೂ ಬೇಕು. ಕಿಗ್ಗದ ಹತ್ತಿರದ ಸಿರಿಮನೆ ಜಲಪಾತಕ್ಕೆ ಇಷ್ಟೆಲ್ಲ ರಗಳೆಯಿಲ್ಲ. ಮಳೆಗಾಲದಲ್ಲಿ ಉಂಬಳದ ಎಚ್ಚರ ಇದ್ದರಾಯಿತು.

ತಪ್ಪು ಕಲ್ಪನೆ: ಬೌದ್ಧಧರ್ಮವನ್ನು ಓಡಿಸಿದ ಶಂಕರರ ಶೃಂಗೇರಿಗೆ ಅವರನ್ನು ಕರೆದೊಯ್ದರೆ ಅವಮಾನ ಮಾಡಿದಂತೆ.

ವಾಸ್ತವ: ಶಂಕರರು ಬೌದ್ಧಮತವನ್ನು ವಾದದಲ್ಲಿ ಖಂಡಿಸಿದ್ದು ಹೌದು. ಓಡಿಸಿದರು ಎನ್ನುವ ಮಾತಿಗೆ ನಮ್ಮ ನಾಡಿನ ಶಾಸನಗಳೇ ಅಡ್ಡ ನಿಲ್ಲುತ್ತವೆ. ಅವರ ಕಾಲವನ್ನು ಸಾಮಾನ್ಯವಾಗಿ ಎಂಟನೇ ಶತಮಾನದ ಸುತ್ತಮುತ್ತ ಇಡುತ್ತಾರೆ. ಮಂಗಳೂರಿನ ಕದ್ರಿಯಲ್ಲಿ ಆಳುಪ ಅರಸ ಕುಂದವರ್ಮ ಬೌದ್ಧರ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಸ್ಥಾಪಿಸಿದ್ದು 968ರಲ್ಲಿ. ಶಿಕಾರಿಪುರದ ಕಡೆಯ ಬಳ್ಳಿಗಾವೆಯಲ್ಲಿ 1065ರ ಹೊತ್ತಿಗೆ ಬೌದ್ಧ ವಿಹಾರವಿತ್ತು, ಡಂಬಳದಲ್ಲಿ 1095ರ ಶಾಸನ ಬೌದ್ಧರ ತಾರಾದೇವಿಯನ್ನು ಸ್ತುತಿಸುತ್ತದೆ. ಓಡಿಹೋದವರು ಇನ್ನೂರು ಮುನ್ನೂರು ವರ್ಷದ ಮೇಲೆ ವಿಹಾರ ಕಟ್ಟಿಸುತ್ತಿದ್ದರೇ?

ಇನ್ನು ಶೃಂಗೇರಿಯ ಶಾರದೆ, ಅಂದರೆ ಸರಸ್ವತಿ. ಜಪಾನಿನವರು ತಂತಿವಾದ್ಯ ಹಿಡಿದ ಬೆಂಜೈಟೆನ್ ಎಂದು ಪೂಜಿಸುವುದು ನಮ್ಮ ಸರಸ್ವತಿಯನ್ನೇ. ಟಿಬೆಟನ್ನರಿಗೆ ಅವಳು ಯಾಂಗ್ಚೆನ್ಮಾ. ಇದನ್ನು ಗರ್ಭಗುಡಿಯ ಮುಂದೆ ಹೇಳಿ, ಅಲ್ಲಿಂದ ತುಂಗೆಯ ಮೆಟ್ಟಿಲಿಗಿಳಿದು ಮೀನಿಗೆ ಮಂಡಕ್ಕಿ ಹಾಕುತ್ತ ಕೂತರೆ ಮಾತು ತಾನಾಗಿ ಬೆಳೆಯುತ್ತದೆ.

ತಪ್ಪು ಕಲ್ಪನೆ: ಬೌದ್ಧರೆಲ್ಲ ಸಸ್ಯಾಹಾರಿಗಳು.

ವಾಸ್ತವ: ಟಿಬೆಟನ್ನರು, ಥಾಯ್ ಜನ, ಜಪಾನಿನವರು ಬಹುಪಾಲು ಮಾಂಸ ತಿನ್ನುತ್ತಾರೆ. ತೈವಾನಿನ ಕಟ್ಟುನಿಟ್ಟಿನ ಬೌದ್ಧರು ಮಾತ್ರ ಮಾಂಸದ ಜೊತೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ಅಂಥವರಿಗೆ ಶೃಂಗೇರಿ ಮಠದ ಊಟ ಹೇಳಿ ಮಾಡಿಸಿದ್ದು. ಮನೆಯಲ್ಲಾದರೆ ಕಡುಬು, ಕಳಲೆ ಪಲ್ಯ ಮಾಡಿ. ಎಳೆಬಿದಿರು ಅವರ ಅಡುಗೆಮನೆಗೂ ಹಳೆಯ ನಂಟ.

ತಪ್ಪು ಕಲ್ಪನೆ: ನರಸಿಂಹರಾಜಪುರದ ಸಿಂಹನಗದ್ದೆ ಬಸದಿಯಲ್ಲಿ ಕೂತಿರುವುದು "ನಿಮ್ಮ ಬುದ್ಧ".

ವಾಸ್ತವ: ಅದು ಜೈನರ ಕ್ಷೇತ್ರ. ಅಲ್ಲಿನ ಮುಖ್ಯ ದೇವತೆ ಜ್ವಾಲಾಮಾಲಿನಿ, ಎಂಟನೇ ತೀರ್ಥಂಕರ ಚಂದ್ರಪ್ರಭನ ಯಕ್ಷಿ. ಬುದ್ಧನಿಗೂ ಜಿನನಿಗೂ ವ್ಯತ್ಯಾಸ ನೋಡಿದರೇ ತಿಳಿಯುತ್ತದೆ: ಜಿನನ ಮೈಮೇಲೆ ಬಟ್ಟೆಯಿಲ್ಲ, ತಲೆಯ ಮೇಲೆ ಮುಕ್ಕೊಡೆ.

ತಪ್ಪು ಕಲ್ಪನೆ: ಬಂದವರೆಲ್ಲ ಸನ್ಯಾಸಿಗಳಂತೆ, ನಗುವುದೂ ಹರಟುವುದೂ ಸಲ್ಲದು.

ವಾಸ್ತವ: ಗೃಹಸ್ಥರು ನಮ್ಮಂತೆಯೇ, ಕಾಫಿ ಕೊಡಿ, ಕಾಲೆಳೆಯಿರಿ. ಜೊತೆಗೆ ಶ್ರೀಲಂಕಾ ಅಥವಾ ಥೈಲ್ಯಾಂಡಿನ ಭಿಕ್ಷುವೊಬ್ಬರು ಬಂದಿದ್ದರೆ ಮಾತ್ರ ಹೆಂಗಸರು ಕೈಕುಲುಕುವುದು ಬೇಡ, ಕೈಮುಗಿದರೆ ಸಾಕು. ನಡುಮಧ್ಯಾಹ್ನ ದಾಟಿದ ಮೇಲೆ ಅವರು ಉಣ್ಣುವುದಿಲ್ಲ. "ಇನ್ನೊಂಚೂರು ಹಾಕಿಸ್ಕೊಳಿ" ಎಂಬ ಮಲೆನಾಡಿನ ಒತ್ತಾಯವನ್ನೆಲ್ಲ ಗಡಿಯಾರ ಹನ್ನೆರಡು ಹೊಡೆಯುವುದರೊಳಗೆ ಮುಗಿಸಿ; ಅಂದರೆ ಹನ್ನೊಂದಕ್ಕೇ ಎಲೆ ಹಾಕಬೇಕು.