ಮಣ್ಣಿನಡಿ ಸಿಕ್ಕಿದ್ದು ಯಾರದು?

ಪುಣೆ ಕ್ಯಾಂಪ್‌ನಿಂದ ಉತ್ತರಕ್ಕೆ ಹೋದರೆ ಪಿಂಪ್ರಿ-ಚಿಂಚವಾಡದ ಚಿಖಲಿ. ಅಲ್ಲಿ ಕಟ್ಟಡದ ಕೆಲಸಕ್ಕೆ ನೆಲ ಅಗೆಯುವಾಗ ಕೂಲಿಕಾರರಿಗೆ ಹೂತಿಟ್ಟ ಚಿನ್ನದ ನಾಣ್ಯಗಳು ಸಿಕ್ಕವು. ಯಾರಿಗೂ ಹೇಳದೆ ಮನೆಯಲ್ಲಿಟ್ಟುಕೊಂಡರು. ಸುದ್ದಿ ಹೊರಬಿತ್ತು. 2021ರ ಮಾರ್ಚ್‌ನಲ್ಲಿ ಪೊಲೀಸರು 216 ನಾಣ್ಯಗಳನ್ನೂ ಕಂಚಿನ ಪಾತ್ರೆಯ ಒಂದು ತುಂಡನ್ನೂ ವಶಪಡಿಸಿಕೊಂಡರು. ಚಿನ್ನದ ತೂಕ 2,357 ಗ್ರಾಂ.

ಲೆಕ್ಕ ಹಾಕಿ ನೋಡಿ, ಒಂದೊಂದೂ ಸುಮಾರು 10.9 ಗ್ರಾಂ. ಮೊಘಲರ ಮೊಹರಿನ ತೂಕ ಅಷ್ಟೇ. ಅವುಗಳ ಮೇಲಿದ್ದ ಹೆಸರು ಮುಹಮ್ಮದ್ ಶಾಹ್, 1719ರಿಂದ 1748ರವರೆಗೆ ದೆಹಲಿಯಲ್ಲಿ ಆಳಿದ ಬಾದಶಹ.

ದೆಹಲಿಯ ಹಣಕ್ಕೆ ಪೇಶ್ವೆಗಳ ಸೀಮೆಯಲ್ಲೇನು ಕೆಲಸ ಅಂತ ಕೇಳಬಹುದು. ಜಗಳ ಅರಸರ ನಡುವೆ ಇತ್ತು. ವ್ಯಾಪಾರಿ ನೋಡುತ್ತಿದ್ದದ್ದು ತೂಕ ಮತ್ತು ಶುದ್ಧತೆ. ಮುಂದೆ ಮರಾಠರ ಟಂಕಸಾಲೆಗಳಲ್ಲಿ ಅಚ್ಚಾದ ಬಹಳಷ್ಟು ಬೆಳ್ಳಿ ರೂಪಾಯಿಗಳ ಮೇಲೂ ಮೊಘಲ್ ಬಾದಶಹರ ಹೆಸರೇ ಇತ್ತು.

ಇನ್ನೂ ಹಳೆಯ ಉದಾಹರಣೆ ಗುಜರಾತಿನ ಭರೂಚ್. 1882ರಲ್ಲಿ ಅಲ್ಲಿ 400ಕ್ಕೂ ಹೆಚ್ಚು ಚಿನ್ನದ, ಸಾವಿರಕ್ಕೂ ಹೆಚ್ಚು ಬೆಳ್ಳಿಯ ನಾಣ್ಯಗಳು ಸಿಕ್ಕವು. ದೆಹಲಿ ಸುಲ್ತಾನರವು, ಈಜಿಪ್ಟಿನ ಮಮ್ಲೂಕರವು, ಇಟಲಿಯ ವೆನಿಸ್‌ನವು, ಎಲ್ಲವೂ ಒಟ್ಟಿಗೆ! 14ನೇ ಶತಮಾನದ ಬಂದರಿಗೆ ಯಾವ ಯಾವ ಊರಿನ ಹಣ ಬರುತ್ತಿತ್ತು ಅನ್ನೋದಕ್ಕೆ ಅದೇ ಸಾಕ್ಷಿ. ಅವನ್ನು ಹಂಚಿಕೊಂಡು ಕರಗಿಸಿದ್ದರೆ ಚಿನ್ನ ಉಳಿಯುತ್ತಿತ್ತು, ಸಾಕ್ಷಿ ಹೋಗುತ್ತಿತ್ತು.

ಹಾಗಾದರೆ ನಿಧಿ ಸಿಕ್ಕವನಿಗೆ ಏನೂ ಇಲ್ಲವೇ? ಇದೆ. 1878ರ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರ್‌ಗೆ ಬರೆದು ತಿಳಿಸಬೇಕು. ವಾರಸುದಾರರಿಲ್ಲ ಎಂದು ತೀರ್ಮಾನವಾಗಿ, ಜಾಗದ ಮಾಲೀಕನೂ ಪಾಲು ಕೇಳಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಮುಕ್ಕಾಲು ಪಾಲು ಸಿಕ್ಕವನಿಗೆ, ಕಾಲು ಪಾಲು ಮಾಲೀಕನಿಗೆ. ಸರ್ಕಾರವೇ ಇಟ್ಟುಕೊಂಡರೆ ಲೋಹದ ಬೆಲೆಯ ಮೇಲೆ ಐದನೇ ಒಂದು ಭಾಗ ಹೆಚ್ಚಿಗೆ ಕೊಡಬೇಕು. ಮುಚ್ಚಿಟ್ಟರೆ ಪಾಲೂ ಇಲ್ಲ, ಒಂದು ವರ್ಷದವರೆಗೆ ಜೈಲೂ ಆಗಬಹುದು.

ನಮ್ಮ ಫಿಕ್‌ಹ್‌ನಲ್ಲಿ ಇಂಥ ಹೂತ ನಿಧಿಗೆ ರಿಕಾಝ್ ಅಂತಾರೆ. ಅದರ ಐದನೇ ಒಂದು ಭಾಗ ಬೈತುಲ್ ಮಾಲ್‌ಗೆ, ಅಂದರೆ ಸಾರ್ವಜನಿಕ ಖಜಾನೆಗೆ. ಎರಡು ಕಾನೂನುಗಳ ಲೆಕ್ಕ ಬೇರೆ, ಆದರೆ ಒಂದು ಮಾತು ಸಮಾನ: ಸಿಕ್ಕವನಿಗೂ ಹಕ್ಕಿದೆ, ಸಮಾಜಕ್ಕೂ ಇದೆ.

ಚಿಖಲಿಯ ಕೂಲಿಕಾರರಿಗೆ ಈ ಹಕ್ಕನ್ನು ಯಾರಾದರೂ ಮೊದಲೇ ಹೇಳಿದ್ದರೆ? ನಮ್ಮಲ್ಲಿ ಗಾರೆ, ಪಾಯದ ಕೆಲಸಕ್ಕೆ ಹೋಗುವವರು ಎಷ್ಟೋ ಮಂದಿ. ಅವರಿಗೆ ನೀವು ಹೇಳಿ: ತೊಳೀಬೇಡಿ, ಅಕ್ಕಸಾಲಿಗನ ಹತ್ತಿರ ಒಯ್ಯಬೇಡಿ, ಮೊದಲು ಕಲೆಕ್ಟರ್ ಕಚೇರಿಗೆ ಅರ್ಜಿ ಕೊಡಿ.