ಕ್ಯಾಲೆಂಡರಿನಲ್ಲಿ ಮೊದಲು ಗುರುತು ಹಾಕಬೇಕಾದ ವಾರ

ನವೆಂಬರ್‌ನಿಂದ ಅಕ್ಟೋಬರ್‌ವರೆಗಿನ ಒಂದೇ ಋತುವಿನಲ್ಲಿ 200, 300, 400 ಮತ್ತು 600 ಕಿಲೋಮೀಟರ್‌ಗಳ ನಾಲ್ಕು ಸೈಕಲ್ ಸವಾರಿಗಳನ್ನು ಗೊತ್ತುಪಡಿಸಿದ ಅವಧಿಯೊಳಗೆ ಮುಗಿಸಿದವರಿಗೆ ‘ಸೂಪರ್ ರಾಂಡೊನಿಯರ್’ ಎಂಬ ಬಿರುದು ಸಿಗುತ್ತದೆ. ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ನಿನ ನಿಯಮದಂತೆ ನಡೆಯುವ ಈ ಬ್ರೆವೆಗಳು ಬೆಂಗಳೂರಿನ ಸೈಕಲ್ ಬಳಗಕ್ಕೆ ಈಗ ಹೊಸತಲ್ಲ. ಇಲ್ಲಿ ಮೊದಲ ಸ್ಥಾನ ಎಂಬುದಿಲ್ಲ, ಪೈಪೋಟಿಯೆಲ್ಲ ಗಡಿಯಾರದ ಜೊತೆಗೆ: 200ಕ್ಕೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಇದಕ್ಕೆ ಸಿದ್ಧರಾಗುವವರಲ್ಲಿ ಹೆಚ್ಚಿನವರು ಕೆಲಸ, ಸಂಸಾರ ಎರಡನ್ನೂ ತೂಗಿಸಿಕೊಂಡು ಹೋಗುವವರು. ವಾರದ ದಿನಗಳಲ್ಲಿ ಬೆಳಕು ಹರಿಯುವ ಮುಂಚೆ ಒಂದೆರಡು ಗಂಟೆ, ವಾರಾಂತ್ಯದಲ್ಲಿ ನಂದಿಬೆಟ್ಟವೋ ಹೆದ್ದಾರಿಯೋ ಎಂದು ಸಿಕ್ಕ ಪ್ರತಿ ಗಂಟೆಯನ್ನೂ ಸವಾರಿಗೇ ಕೊಡುತ್ತಾರೆ. ಇಂಥವರು ವರ್ಷದ ಯೋಜನೆ ಹಾಕುವಾಗ ಮೊದಲು ಬ್ರೆವೆಯ ದಿನಾಂಕ ಬರೆದುಕೊಳ್ಳುತ್ತಾರೆ, ಆಮೇಲೆ ತಾಲೀಮಿನ ಕಿಲೋಮೀಟರು. ವಿಶ್ರಾಂತಿ ಉಳಿದ ಜಾಗಕ್ಕೆ ಹೋಗುತ್ತದೆ. ಜಾಗ ಉಳಿಯುವುದೇ ಇಲ್ಲ. ಈ ಕ್ರಮವನ್ನು ತಿರುವುಮುರುವು ಮಾಡಬೇಕು. ವಿಶ್ರಾಂತಿ ವಾರ ಯಾವುದೆಂಬುದು ದಣಿವು ಬರುವ ಮುಂಚೆಯೇ ತೀರ್ಮಾನವಾಗಿರಬೇಕು. ದಣಿದ ಮೇಲೆ ಆ ತೀರ್ಮಾನವನ್ನು ಸರಿಯಾಗಿ ಮಾಡುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ.

ದೇಹ ಬಲಗೊಳ್ಳುವುದು ಯಾವಾಗ ಎಂಬುದಕ್ಕೆ 1966ರಲ್ಲಿ ಸ್ವೀಡನ್ನಿನಿಂದ ಪ್ರಕಟವಾದ ಒಂದು ಪ್ರಯೋಗ ಇಂದಿಗೂ ಕಣ್ಣಿಗೆ ಕಟ್ಟುವಂತಿದೆ. ಯೋನಾಸ್ ಬೆರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹುಲ್ಟ್‌ಮನ್ ಎಂಬ ಇಬ್ಬರು ಸಂಶೋಧಕರು ತಮ್ಮ ಮೇಲೆಯೇ ಇದನ್ನು ಮಾಡಿಕೊಂಡರು. ಒಂದು ಸ್ಥಿರ ಸೈಕಲ್ಲಿನ ಆಚೆಗೊಬ್ಬರು, ಈಚೆಗೊಬ್ಬರು ಕೂತು, ತಲಾ ಒಂದೇ ಕಾಲಿನಿಂದ ಇನ್ನು ಸಾಧ್ಯವಿಲ್ಲ ಎನ್ನುವವರೆಗೆ ಪೆಡಲ್ ತುಳಿದರು. ಇನ್ನೊಂದು ಕಾಲು ಸುಮ್ಮನಿತ್ತು. ಬಳಿಕ ಮೂರು ದಿನ ಕಾರ್ಬೋಹೈಡ್ರೇಟ್ ತುಂಬಿದ ಊಟ. ನಡುನಡುವೆ ಎರಡೂ ತೊಡೆಗೆ ಸೂಜಿ ಹಾಕಿ ಸ್ನಾಯುವಿನ ಸಣ್ಣ ಚೂರು ತೆಗೆದು, ಅದರಲ್ಲಿ ಗ್ಲೈಕೋಜನ್ ಎಷ್ಟಿದೆ ಎಂದು ಅಳೆದರು. ಸ್ನಾಯು ಕೂಡಿಟ್ಟುಕೊಳ್ಳುವ ಸಕ್ಕರೆಯೇ ಗ್ಲೈಕೋಜನ್. ದೂರದ ಸವಾರಿಯಲ್ಲಿ ಅದು ಮುಗಿದರೆ ಕಾಲು ಮುಷ್ಕರ ಹೂಡುತ್ತದೆ. ತುಳಿದ ಕಾಲಿನಲ್ಲಿ ಮೊದಲು ಅದು ಬಹುತೇಕ ಬರಿದಾಗಿತ್ತು. ಮೂರು ದಿನ ಕಳೆಯುವಷ್ಟರಲ್ಲಿ ಸುಮ್ಮನಿದ್ದ ಕಾಲಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ತುಂಬಿಕೊಂಡಿತ್ತು. ಒಬ್ಬರ ಎರಡೂ ಕಾಲಿಗೆ ಸಿಕ್ಕಿದ್ದು ಒಂದೇ ಊಟ, ಹರಿದದ್ದು ಒಂದೇ ರಕ್ತ. ದುಡಿಯದ ಕಾಲಿಗೆ ಆ ಊಟದಿಂದ ಹೆಚ್ಚಿನ ಲಾಭ ಆಗಲಿಲ್ಲ. ದುಡಿದ ಕಾಲಿಗೂ ಲಾಭ ಬಂದದ್ದು ದುಡಿಯುವಾಗಲ್ಲ, ದುಡಿತ ನಿಂತ ಮೇಲಿನ ದಿನಗಳಲ್ಲಿ. ಇಡೀ ತಾಲೀಮಿನ ತರ್ಕ ಈ ಎರಡು ಕಾಲುಗಳ ನಡುವೆ ಇದೆ.

ಹಾಗಾದರೆ ವಾರಕ್ಕೊಂದು ದಿನ ರಜೆ ಸಾಲದೇ? ಗ್ಲೈಕೋಜನ್ ವಿಚಾರಕ್ಕಷ್ಟೇ ಆದರೆ ಸಾಕು. ಚೆನ್ನಾಗಿ ಉಂಡರೆ ಒಂದೆರಡು ದಿನದಲ್ಲಿ ತುಂಬುತ್ತದೆ. ಆದರೆ 400 ಕಿಲೋಮೀಟರು ಕ್ರಮಿಸುವ ದೇಹದಲ್ಲಿ ಸವೆಯುವುದು ಸಕ್ಕರೆ ಒಂದೇ ಅಲ್ಲ. ಹ್ಯಾಂಡಲ್ ಮೇಲೆ ಗಂಟೆಗಟ್ಟಲೆ ಭಾರ ಹಾಕಿದ ಅಂಗೈಯ ನರ ಒತ್ತಿಕೊಂಡು ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ. ಸೀಟಿಗೆ ಉಜ್ಜಿದ ಚರ್ಮ ಹುಣ್ಣಾಗುತ್ತದೆ. ಮೊಣಕಾಲ ಚಿಪ್ಪಿನ ಸುತ್ತಲಿನ ಸ್ನಾಯುರಜ್ಜುಗಳು ಸ್ನಾಯುವಿನಷ್ಟು ಬೇಗ ಹೊಸ ಭಾರಕ್ಕೆ ಒಗ್ಗುವುದಿಲ್ಲ. ನಾಲ್ಕು ಗಂಟೆಗೆ ಏಳುವ ಅಭ್ಯಾಸದಿಂದ ಕೂಡಿಬಂದ ನಿದ್ದೆಯ ಬಾಕಿ ಒಂದು ಭಾನುವಾರದಲ್ಲಿ ತೀರುವಂಥದ್ದಲ್ಲ. ಸೋಮವಾರದ ರಜೆ ಭಾನುವಾರದ ದಣಿವನ್ನು ಕಳೆಯುತ್ತದೆ, ಮೂರು ವಾರ ಒಟ್ಟುಗೂಡಿದ್ದನ್ನು ಅಲ್ಲ.

ಈ ಒಟ್ಟುಗೂಡುವಿಕೆಗೆ ಒಂದು ಲೆಕ್ಕವೂ ಇದೆ. 1970ರ ದಶಕದಲ್ಲಿ ಕೆನಡಾದ ಎರಿಕ್ ಬ್ಯಾನಿಸ್ಟರ್ ಮತ್ತು ಸಂಗಡಿಗರು ಪ್ರತಿ ತಾಲೀಮೂ ದೇಹದಲ್ಲಿ ಎರಡು ಗುರುತು ಬಿಡುತ್ತದೆ ಎಂದರು: ಒಂದು ಕಸುವು, ಇನ್ನೊಂದು ದಣಿವು. ಆ ದಿನ ರಸ್ತೆಯಲ್ಲಿ ತೋರುವ ಸಾಮರ್ಥ್ಯ ಎಂದರೆ ಕಸುವಿನಲ್ಲಿ ದಣಿವನ್ನು ಕಳೆದು ಉಳಿದದ್ದು. ಎರಡೂ ಕರಗುತ್ತವೆ, ಆದರೆ ಒಂದೇ ವೇಗದಲ್ಲಿ ಅಲ್ಲ. ಇಂದು ಸೈಕಲ್ ಆ್ಯಪ್‌ಗಳು ಸಾಮಾನ್ಯವಾಗಿ ಕಸುವಿಗೆ 42 ದಿನ, ದಣಿವಿಗೆ 7 ದಿನ ಎಂಬ ಅಳತೆ ಇಟ್ಟುಕೊಂಡಿವೆ. ಈ ಅಳತೆಯಂತೆ ಒಂದು ವಾರ ಸೈಕಲ್ ಮುಟ್ಟದೇ ಇದ್ದರೂ ಕೂಡಿಬಂದ ದಣಿವಿನಲ್ಲಿ ಶೇ 63ರಷ್ಟು ಹೋಗುತ್ತದೆ, ಗಳಿಸಿದ ಕಸುವಿನಲ್ಲಿ ಹೋಗುವುದು ಶೇ 15ರಷ್ಟು. ಅರ್ಧದಷ್ಟು ಸವಾರಿ ಉಳಿಸಿಕೊಂಡರೆ ನಷ್ಟ ಇನ್ನೂ ಕಡಿಮೆ. ಇದು ಸರಳೀಕರಿಸಿದ ಲೆಕ್ಕ, ಪ್ರತಿ ದೇಹಕ್ಕೂ ಹೀಗೇ ಅನ್ವಯಿಸುವುದಿಲ್ಲ. ಆದರೆ ದಣಿವು ಬೇಗ ಇಳಿಯುತ್ತದೆ, ಕಸುವು ನಿಧಾನವಾಗಿ ಇಳಿಯುತ್ತದೆ ಎಂಬ ಮೂಲ ಮಾತು ಗಟ್ಟಿಯಾದದ್ದು, ವಿಶ್ರಾಂತಿ ವಾರ ನಿಂತಿರುವುದೂ ಅದರ ಮೇಲೆಯೇ.

ಆದರೂ ಒಂದು ವಾರ ಬಿಟ್ಟರೆ ಎಲ್ಲ ಕಳೆದುಹೋಗುತ್ತದೆ ಎಂಬ ಅಂಜಿಕೆ ಸೈಕ್ಲಿಸ್ಟ್‌ಗಳನ್ನು ಬಿಡುವುದಿಲ್ಲ. ಇದಕ್ಕೆ ಅಮೆರಿಕದ ಎಡ್ವರ್ಡ್ ಕಾಯ್ಲ್ 1984ರಲ್ಲೇ ಉತ್ತರ ಕೊಟ್ಟಿದ್ದಾರೆ. ಚೆನ್ನಾಗಿ ಪಳಗಿದ ಕ್ರೀಡಾಪಟುಗಳು ತಾಲೀಮನ್ನು ಪೂರ್ತಿ ನಿಲ್ಲಿಸಿದಾಗ, ದೇಹ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಮೊದಲ ಎರಡು–ಮೂರು ವಾರದಲ್ಲಿ ಇಳಿದದ್ದು ಸುಮಾರು ಶೇ 7. ಆ ಮೊದಲ ಇಳಿತಕ್ಕೂ ದೊಡ್ಡ ಕಾರಣ ರಕ್ತದ ಪ್ರಮಾಣ ಕುಗ್ಗುವುದು. ಸವಾರಿ ಶುರುವಾದರೆ ಅದು ಬೇಗ ಮರಳುತ್ತದೆ. ರಾಬರ್ಟ್ ಹಿಕ್ಸನ್ ಅವರ ಅಧ್ಯಯನ ಇನ್ನೂ ಉಪಯುಕ್ತ. ದಿನಕ್ಕೆ 40 ನಿಮಿಷ, ವಾರಕ್ಕೆ ಆರು ದಿನ, ಹತ್ತು ವಾರ ತಾಲೀಮು ಮಾಡಿದವರ ಅವಧಿಯನ್ನು 13 ನಿಮಿಷಕ್ಕೆ ಇಳಿಸಿದರೂ, ಶ್ರಮದ ತೀವ್ರತೆ ಅಷ್ಟೇ ಇದ್ದಾಗ, 15 ವಾರಗಳ ಕಾಲ ಆಮ್ಲಜನಕದ ಸಾಮರ್ಥ್ಯ ಇಳಿಯಲಿಲ್ಲ. ದೀರ್ಘ ತಾಳಿಕೆ ಮಾತ್ರ ಅವರಲ್ಲಿ ಶೇ 10ರಷ್ಟು ತಗ್ಗಿತು. ದೂರ ಸವಾರರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಆದರೆ ಅದು ಮೂರೂವರೆ ತಿಂಗಳ ಲೆಕ್ಕ, ಏಳು ದಿನದ್ದಲ್ಲ. ಅದೇ ಹಿಕ್ಸನ್ ಮತ್ತೊಂದು ಅಧ್ಯಯನದಲ್ಲಿ ಅವಧಿಯನ್ನು ಹಾಗೇ ಇಟ್ಟು ತೀವ್ರತೆ ಇಳಿಸಿದಾಗ ಗಳಿಕೆ ಜಾರಿಹೋಯಿತು.

ನಮ್ಮಲ್ಲಿ ವಿಶ್ರಾಂತಿ ಎಂಬ ಹೆಸರಿನಲ್ಲಿ ನಡೆಯುವುದು ಈ ಎರಡನೆಯ ರೀತಿಯದೇ. ದೂರ ಅಷ್ಟೇ ಇರುತ್ತದೆ, ವೇಗವಷ್ಟೇ ಕಡಿಮೆ. ‘ರಿಕವರಿ ರೈಡ್’ ಎಂದು ಹೊರಟವರು ಎಂಬತ್ತು ಕಿಲೋಮೀಟರು ಮುಗಿಸಿ ಬರುತ್ತಾರೆ. ಕಡಿತ ಬೀಳಬೇಕಾದದ್ದು ದೂರದ ಮೇಲೆ. ಸ್ಪರ್ಧೆಗೆ ಮುಂಚಿನ ಇಳಿಕೆಯ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2007ರ ಒಂದು ವಿಶ್ಲೇಷಣೆಯೂ ತಾಲೀಮಿನ ಪ್ರಮಾಣವನ್ನು ಶೇ 41ರಿಂದ 60ರವರೆಗೆ ಇಳಿಸಿ, ತೀವ್ರತೆಯನ್ನೂ ದಿನಗಳ ಸಂಖ್ಯೆಯನ್ನೂ ಹಾಗೇ ಉಳಿಸಿಕೊಂಡಾಗ ಫಲ ಹೆಚ್ಚು ಎಂದು ಕಂಡುಕೊಂಡಿತು. ವಾರಕ್ಕೆ 200 ಕಿಲೋಮೀಟರು ತುಳಿಯುವವರಿಗೆ ಇದರ ಅರ್ಥ ಸ್ಪಷ್ಟ: ಆ ವಾರ ನೂರು ಕಿಲೋಮೀಟರಿಗಿಂತ ಕಡಿಮೆ, ಒಂದೂ ದೀರ್ಘ ಸವಾರಿ ಇಲ್ಲ, ಎರಡು ದಿನ ಬೆವರು ಹರಿಸುವ ಕೆಲವೇ ನಿಮಿಷಗಳ ಏರು. ಉಳಿದ ಸವಾರಿಗಳೆಲ್ಲ ಚಿಕ್ಕವು, ಮಿಕ್ಕ ಹೊತ್ತಿನಲ್ಲಿ ನಿದ್ದೆ. ಊಟ ಕಡಿಮೆ ಮಾಡುವ ವಾರವೂ ಇದಲ್ಲ. ಸವಾರಿ ಇಲ್ಲವಲ್ಲ ಎಂದು ಅನ್ನ–ಮುದ್ದೆ ಬಿಟ್ಟರೆ ರಿಪೇರಿಗೆ ಬೇಕಾದ ಸಾಮಗ್ರಿಯನ್ನೇ ತಡೆದಂತೆ.

‘ದೇಹ ಹೇಳಿದಾಗ ವಿಶ್ರಾಂತಿ ತೆಗೆದುಕೊಂಡರಾಯಿತು, ಕ್ಯಾಲೆಂಡರ್ ಯಾಕೆ?’ ಎಂಬ ಆಕ್ಷೇಪ ಕೇಳಲು ಬಹಳ ಹಿತವಾಗಿದೆ. ತೊಂದರೆ ಏನೆಂದರೆ, ದೇಹ ಹೇಳುವುದು ತಡವಾಗಿ, ಅದೂ ಅಡ್ಡಾದಿಡ್ಡಿಯಾಗಿ. ಅತಿಯಾಗಿ ದಣಿದವರಲ್ಲಿ ಕೆಲವೊಮ್ಮೆ ಏರು ಹತ್ತುವಾಗಲೂ ಹೃದಯ ಬಡಿತ ಎಂದಿನಷ್ಟು ಮೇಲೇರುವುದಿಲ್ಲ. ಗಡಿಯಾರದಲ್ಲಿ ಅದನ್ನು ನೋಡಿದ ಸವಾರ ಫಿಟ್‌ನೆಸ್ ಹೆಚ್ಚಿತು ಎಂದು ಹಿಗ್ಗಿ ಇನ್ನಷ್ಟು ತುಳಿಯುತ್ತಾನೆ. ಇನ್ನು ಕೆಲವರಿಗೆ ಬರುವ ಮೊದಲ ಸೂಚನೆ ಕಾಲಿನಲ್ಲಿ ಅಲ್ಲ, ಮನೆಯಲ್ಲಿ: ಸಣ್ಣ ಮಾತಿಗೆ ಸಿಡುಕು, ಮಲಗಿದರೂ ಬಾರದ ನಿದ್ದೆ, ಸೈಕಲ್ ಕಂಡರೆ ಬೇಸರ. ಅದನ್ನು ಸೋಮಾರಿತನ ಎಂದುಕೊಂಡು ಗದರಿಸಿಕೊಳ್ಳುವವರೇ ಹೆಚ್ಚು. ದಣಿದ ಮೇಲೆ ವಿಶ್ರಮಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಭರವಸೆಯೂ ಇಲ್ಲ. ಟ್ರಯಾಥ್ಲಾನ್ ಪಟುಗಳ ಮೇಲೆ ಫ್ರಾನ್ಸಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೂರು ವಾರದ ಭಾರೀ ತಾಲೀಮಿನಿಂದ ಸಾಮರ್ಥ್ಯವೇ ಕುಸಿಯುವಷ್ಟು ದಣಿದವರಿಗಿಂತ, ದಣಿದರೂ ಕುಸಿಯದೇ ಉಳಿದವರು ವಿಶ್ರಾಂತಿಯ ನಂತರ ಹೆಚ್ಚು ಸುಧಾರಿಸಿದರು. ಕುಸಿದವರಲ್ಲಿ ನೆಗಡಿಯಂಥ ಸೋಂಕುಗಳೂ ಹೆಚ್ಚು ಕಂಡವು. ಕುಸಿತದ ಅಂಚು ತಲುಪುವ ಮೊದಲೇ ನಿಲ್ಲಬೇಕಾದರೆ, ನಿಲ್ಲುವ ದಿನ ಮೊದಲೇ ಗೊತ್ತಿರಬೇಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ಶನಿವಾರ ರಾತ್ರಿ ‘ನಾಳೆ 120, ಬರ್ತೀರಾ ಸರ್?’ ಎಂಬ ಸಂದೇಶ ಬಂದಾಗ, ಬರೆದಿಟ್ಟ ಯೋಜನೆ ಇದ್ದವರಿಗೆ ಇಲ್ಲ ಎನ್ನುವುದು ಸುಲಭ.

ಹಾಗೆಂದು ಮೂರು ವಾರ ದುಡಿತ, ಒಂದು ವಾರ ಬಿಡುವು ಎಂಬ ಪ್ರಸಿದ್ಧ ಸೂತ್ರ ವಿಜ್ಞಾನದ ಕಾಯಿದೆಯಲ್ಲ. ಅದು ತರಬೇತುದಾರರ ಅನುಭವದಿಂದ ಬಂದದ್ದು. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಂಬತ್ತು ವಾರ ಭಾರ ಎತ್ತುವ ತಾಲೀಮಿನ ನಡುವೆ ಒಂದು ವಾರ ಪೂರ್ತಿ ಬಿಟ್ಟವರಿಗೂ ಬಿಡದವರಿಗೂ ಸ್ನಾಯು ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಬಲದಲ್ಲಿ ಬಿಡದವರೇ ತುಸು ಮುಂದಿದ್ದರು ಎಂದಿದೆ. ಇದನ್ನು ಬದಿಗೆ ಸರಿಸುವಂತಿಲ್ಲ. ಆದರೆ ಅಲ್ಲಿನ ಬಿಡುವು ಪೂರ್ತಿ ಬಿಡುವು, ಮತ್ತು ಜಿಮ್ಮಿನ ದುಡಿತಕ್ಕೆ ರಾತ್ರಿಯಿಡೀ ನಿದ್ದೆಗೆಟ್ಟು ತುಳಿಯುವ ಭಾರ ಸೇರಿರುವುದಿಲ್ಲ. ಅದರಿಂದ ಕಲಿಯಬೇಕಾದದ್ದು, ದಣಿಯದವರಿಗೆ ವಿಶ್ರಾಂತಿ ವಾರದಿಂದ ದೊಡ್ಡ ಲಾಭವಿಲ್ಲ ಎಂಬುದನ್ನು. ವಾರಕ್ಕೆ ನಾಲ್ಕೈದು ಗಂಟೆ ಆರಾಮಾಗಿ ಸೈಕಲ್ ಓಡಿಸುವವರಿಗೆ ಇದು ಬೇಕಿಲ್ಲ. ವಯಸ್ಸು ಐವತ್ತು ದಾಟಿದ್ದರೆ, ಕಚೇರಿಯಲ್ಲಿ ಒತ್ತಡದ ತಿಂಗಳಾಗಿದ್ದರೆ, ಮನೆಯಲ್ಲಿ ಪುಟ್ಟ ಮಗುವಿದ್ದರೆ ಎರಡು ವಾರಕ್ಕೊಮ್ಮೆ ಬೇಕಾಗಬಹುದು. ಗಟ್ಟಿ ಯುವಕನಿಗೆ ಐದು ವಾರ ತಡೆದೀತು. ಅಂತರ ಬದಲಾಗಲಿ, ಅದನ್ನು ಮೊದಲೇ ಗೊತ್ತು ಮಾಡಿಟ್ಟುಕೊಳ್ಳುವುದು ಮಾತ್ರ ತಪ್ಪಬಾರದು.

600ರ ಎರಡನೆಯ ದಿನ ಯಾರೂ ವಿಶ್ರಾಂತಿ ಕೊಡುವುದಿಲ್ಲ, ಹಾಗಾಗಿ ದಣಿದೇ ತುಳಿಯಲು ಕಲಿಯಬೇಕು ಎನ್ನುವವರೂ ಇದ್ದಾರೆ. ಕಲಿಯಬೇಕು, ನಿಜ. ಅದಕ್ಕೆ 300, 400ರ ಬ್ರೆವೆಗಳೇ ಇವೆ. ಪ್ರತಿ ಭಾನುವಾರವೂ ಬೇಕಿಲ್ಲ.

ವಿಶ್ರಾಂತಿ ವಾರ ಮುಗಿದ ಮೊದಲ ದಿನ ಪರಿಚಿತವಾದ ಒಂದು ಏರನ್ನು ಆರಿಸಿಕೊಂಡು ಹತ್ತಿ ನೋಡಬೇಕು. ಶ್ರಮ ಹೆಚ್ಚಿಸಿದಂತೆ ಬಡಿತ ಚುರುಕಾಗಿ ಏರಿ, ಇಳಿಜಾರಿನಲ್ಲಿ ಬೇಗ ಇಳಿದರೆ ಮುಂದುವರಿಯಬಹುದು. ಕಾಲು ಇನ್ನೂ ಸೀಸದಂತಿದ್ದರೆ ಇನ್ನೂ ಮೂರು–ನಾಲ್ಕು ದಿನ ಬಿಡುವು ಬೇಕು. ಎರಡು ವಾರ ಕಳೆದರೂ ಹಾಗೇ ಇದ್ದರೆ ಅದು ತಾಲೀಮಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ವೈದ್ಯರ ಬಳಿ ಹೋಗಿ ಹಿಮೋಗ್ಲೋಬಿನ್, ಕಬ್ಬಿಣದ ಅಂಶ, ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಹೆಣ್ಣುಮಕ್ಕಳಾದರೆ ಮುಟ್ಟು ಏರುಪೇರಾಗಿದೆಯೇ ಎಂಬುದನ್ನೂ ಮುಚ್ಚಿಡದೆ ಹೇಳಬೇಕು, ಏಕೆಂದರೆ ದುಡಿತಕ್ಕೆ ತಕ್ಕ ಊಟ ಸಿಗದ ದೇಹ ಮೊದಲು ಉಳಿತಾಯ ಮಾಡುವ ಕಡೆಗಳಲ್ಲಿ ಅದೂ ಒಂದು. ವರದಿ ಕೈಗೆ ಬರುವವರೆಗೆ ಮುಂದಿನ ಬ್ರೆವೆಗೆ ಹೆಸರು ನೋಂದಾಯಿಸದಿರುವುದು ಒಳ್ಳೆಯದು.